ಎಲೆಕ್ಟ್ರಿಕ್ ಗಿಟಾರಿನ ಟೋನ್ ನಿಯಂತ್ರಕ

ಟೋನ್ ನಿಯಂತ್ರಕವು ಎಲೆಕ್ಟ್ರಿಕ್ ಗಿಟಾರಿನ ಪಿಕಪ್‌ನಿಂದ ಹೊರಡುವ ಸಂಕೇತದಲ್ಲಿ ಹೆಚ್ಚಿನ ಆವೃತ್ತಿಗಳನ್ನು ತಗ್ಗಿಸುವ ವಿದ್ಯುತ್ ಮಂಡಲವಾಗಿದೆ. ಬ್ಯಾಟರಿಯಿಲ್ಲದ ಗಿಟಾರುಗಳಲ್ಲಿ ಇದು ನಾದಕ್ಕೆ ಏನನ್ನೂ ಸೇರಿಸುವುದಿಲ್ಲ. ಇರುವುದನ್ನು ಕಳೆಯುತ್ತದೆ ಅಷ್ಟೆ.

ರಚನೆ

ಇದರ ಮುಖ್ಯ ಭಾಗಗಳು ಎರಡು: ತಿರುಗಿಸಿ ರೋಧವನ್ನು ಬದಲಿಸಬಹುದಾದ ಪೊಟೆನ್ಷಿಯೋಮೀಟರ್ ಮತ್ತು ಕೆಪಾಸಿಟರ್. ಇವೆರಡನ್ನೂ ಸರಣಿಯಲ್ಲಿ ಸೇರಿಸಿ, ಒಂದು ತುದಿಯನ್ನು ಸಂಕೇತದ ತಂತಿಗೂ ಇನ್ನೊಂದನ್ನು ಗ್ರೌಂಡಿಗೂ ಬೆಸುಗೆ ಹಾಕಲಾಗುತ್ತದೆ.

ಕಾರ್ಯವಿಧಾನ

ಕೆಪಾಸಿಟರ್ ಹೆಚ್ಚಿನ ಆವೃತ್ತಿಗಳಿಗೆ ಕಡಿಮೆ ತಡೆಯನ್ನೂ ಕೆಳ ಆವೃತ್ತಿಗಳಿಗೆ ಹೆಚ್ಚು ತಡೆಯನ್ನೂ ಒಡ್ಡುತ್ತದೆ. ಗುಂಡಿಯು 10ರಲ್ಲಿದ್ದಾಗ ಪೂರ್ಣ ರೋಧವಿರುವುದರಿಂದ ಗ್ರೌಂಡಿಗೆ ಹರಿಯುವ ಸಂಕೇತ ಅತ್ಯಲ್ಪ. ಗುಂಡಿಯನ್ನು ಇಳಿಸಿದಂತೆ ಹೆಚ್ಚಿನ ಆವೃತ್ತಿಗಳು ಗ್ರೌಂಡಿಗೆ ಹರಿದುಹೋಗಿ ನಾದವು ಮೃದುವಾಗುತ್ತದೆ. ಗುಂಡಿ 10ರಲ್ಲಿದ್ದಾಗಲೂ ಪೊಟೆನ್ಷಿಯೋಮೀಟರ್ ಮಂಡಲದಲ್ಲಿಯೇ ಇರುವುದರಿಂದ, ಅದರ ಮೌಲ್ಯವು ಗಿಟಾರಿನ ಮೂಲನಾದವನ್ನೂ ಪ್ರಭಾವಿಸುತ್ತದೆ.

ಮೌಲ್ಯಗಳು

ಸಾಮಾನ್ಯವಾಗಿ ಸಿಂಗಲ್ ಕಾಯಿಲ್ ಪಿಕಪ್‌ಗಳಿಗೆ 250 ಕಿಲೋಓಮ್, ಹಂಬಕರ್ ಪಿಕಪ್‌ಗಳಿಗೆ 500 ಕಿಲೋಓಮ್ ಪೊಟೆನ್ಷಿಯೋಮೀಟರನ್ನು ಬಳಸುತ್ತಾರೆ. ಹಂಬಕರ್‌ನ ನಾದ ಸಹಜವಾಗಿಯೇ ಮಂದವಾಗಿರುವುದರಿಂದ ಹೆಚ್ಚಿನ ರೋಧವು ಅದರ ತೀಕ್ಷ್ಣತೆಯನ್ನು ಉಳಿಸುತ್ತದೆ. ಕೆಪಾಸಿಟರಿನ ಮೌಲ್ಯ ಹೆಚ್ಚಾಗಿ 0.022 ಅಥವಾ 0.047 ಮೈಕ್ರೋಫ್ಯಾರಡ್. ಇವೆರಡರ ವ್ಯತ್ಯಾಸ ಗುಂಡಿಯನ್ನು ಪೂರ್ತಿ ಇಳಿಸಿದಾಗ ಸ್ಪಷ್ಟವಾಗುತ್ತದೆ. 10ರ ಬಳಿ ಅಷ್ಟಾಗಿ ಕೇಳಿಸದು.

ಜೋಡಣೆಯ ಬಗೆಗಳು

1952ರ ಗಿಬ್ಸನ್ ಲೆಸ್ ಪಾಲ್ ಗಿಟಾರಿನಲ್ಲಿ ಪ್ರತಿ ಪಿಕಪ್‌ಗೂ ಪ್ರತ್ಯೇಕ ವಾಲ್ಯೂಮ್ ಮತ್ತು ಟೋನ್ ಗುಂಡಿಗಳಿದ್ದವು. 1954ರ ಫೆಂಡರ್ ಸ್ಟ್ರಾಟೋಕ್ಯಾಸ್ಟರ್‌ನಲ್ಲಿ ಮೂರು ಪಿಕಪ್‌ಗಳಿಗೆ ಒಂದೇ ವಾಲ್ಯೂಮ್ ಮತ್ತು ಎರಡು ಟೋನ್ ಗುಂಡಿಗಳಿದ್ದು, ಬ್ರಿಜ್ ಬಳಿಯ ಪಿಕಪ್‌ಗೆ ಟೋನ್ ನಿಯಂತ್ರಣವಿರಲಿಲ್ಲ.

ಟೋನ್ ಮಂಡಲವನ್ನು ವಾಲ್ಯೂಮ್ ನಿಯಂತ್ರಕದ ಒಳಬರುವ ತುದಿಗೆ ಜೋಡಿಸಿದರೆ, ವಾಲ್ಯೂಮ್ ತಗ್ಗಿಸಿದಾಗ ನಾದದ ತೀಕ್ಷ್ಣತೆಯೂ ಕುಗ್ಗುತ್ತದೆ. ಹೊರಹೋಗುವ ತುದಿಗೆ ಜೋಡಿಸಿದರೆ ಅದು ಹೆಚ್ಚು ಉಳಿಯುತ್ತದೆ. ಈ ಎರಡನೆಯ ಬಗೆಯನ್ನು ‘ಐವತ್ತರ ದಶಕದ ವೈರಿಂಗ್’ ಎಂದು ಕರೆಯಲಾಗುತ್ತದೆ.