ಚಕ್ರಕ್ಕೆ ನೆನಪಿಲ್ಲ

ಲಾಸ್ ವೇಗಸ್‌ನಲ್ಲಿ ರೂಲೆಟ್ ಮೇಜಿನ ಪಕ್ಕ ಒಂದು ಎತ್ತರದ ಫಲಕ ಇರುತ್ತದೆ. ಹಿಂದಿನ ಹತ್ತಿಪ್ಪತ್ತು ಸುತ್ತುಗಳಲ್ಲಿ ಗೋಲಿ ಎಲ್ಲೆಲ್ಲಿ ನಿಂತಿತು ಎಂದು ಅದು ದೀಪದ ಅಂಕಿಗಳಲ್ಲಿ ತೋರಿಸುತ್ತದೆ. ಜೊತೆಗೆ ಬಂದಿದ್ದ ಗೆಳೆಯ ಆ ರಾತ್ರಿ ಚಕ್ರವನ್ನು ನೋಡಲೇ ಇಲ್ಲ, ಫಲಕವನ್ನೇ ನೋಡುತ್ತಿದ್ದ. "ಆರು ಸಲ ಕಪ್ಪೇ ಬಂತು ಕಣೋ, ಇನ್ನು ಕೆಂಪು ಬರಲೇಬೇಕು" ಎಂದು ಹತ್ತು ಡಾಲರಿನ ಬಿಲ್ಲೆ ಇಟ್ಟ. ಕಪ್ಪು ಬಂತು. ಇಪ್ಪತ್ತು ಇಟ್ಟ, ಮತ್ತೆ ಕಪ್ಪು. ನಲವತ್ತು ಇಟ್ಟಾಗ ಗೋಲಿ ಹಸಿರು ಸೊನ್ನೆಯಲ್ಲಿ ಕೂತಿತು. ಎಂಬತ್ತು, ನೂರರವತ್ತು ಕೂಡ ಹೋದವು. ಒಟ್ಟು 310 ಡಾಲರ್, ಕಾಲು ಗಂಟೆಯೊಳಗೆ.

ಅವನು ಪೆದ್ದನಲ್ಲ, ದಿನವಿಡೀ ಲೆಕ್ಕಪತ್ರ ನೋಡುವವನು. "ಇನ್ನು ಬರಲೇಬೇಕು" ಎಂಬ ನಂಬಿಕೆ ಅವನಿಗೆ ಬಂದದ್ದು ಇಸ್ಪೀಟಿನಿಂದ ಎಂದು ನನ್ನ ಅನಿಸಿಕೆ. ಹಬ್ಬದ ರಾತ್ರಿ ಎಲೆ ಆಡಿ ಬೆಳೆದವರು ನಾವು. ಕಟ್ಟಿನಲ್ಲಿ ನಾಲ್ಕೇ ರಾಜ. ಮೂರು ಹೋದರೆ ಉಳಿದದ್ದು ಒಂದೇ. ಅಲ್ಲಿ ಕಳೆದ ಆಟದ ನೆನಪು ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಎಡ್ವರ್ಡ್ ಥಾರ್ಪ್ ಎಂಬ ಗಣಿತಜ್ಞ 1962ರಲ್ಲಿ ಪುಸ್ತಕ ಬರೆದು ತೋರಿಸಿದ್ದೂ ಇದನ್ನೇ: ಬ್ಲ್ಯಾಕ್‌ಜಾಕ್‌ನಲ್ಲಿ ಹೋದ ಎಲೆಗಳನ್ನು ಎಣಿಸುವವನು ಕ್ಯಾಸಿನೊವನ್ನೇ ಮೀರಿಸಬಹುದು. ಹಾಗೆ ಮನಸ್ಸಿನಲ್ಲೇ ಎಣಿಸುವುದು ಅಪರಾಧ ಎಂದು ಹಲವರು ತಿಳಿದಿದ್ದಾರೆ. ನೆವಾಡಾದಲ್ಲಿ ಅದು ಅಪರಾಧವಲ್ಲ, ಆದರೆ ಆಟದಿಂದ ಎಬ್ಬಿಸುವ ಹಕ್ಕು ಕ್ಯಾಸಿನೊಗೆ ಇದೆ.

ರೂಲೆಟ್‌ನಲ್ಲಿ ಖಾಲಿಯಾಗುವ ಕಟ್ಟು ಇಲ್ಲ. ನಾವಿದ್ದ ಮೇಜಿನ ಚಕ್ರದಲ್ಲಿ ಪ್ರತಿ ಸಲವೂ ಅವೇ 38 ಮನೆಗಳು: 18 ಕೆಂಪು, 18 ಕಪ್ಪು, 2 ಹಸಿರು. ನೂರು ಸಲ ಕಪ್ಪು ಬಂದಿದ್ದರೂ ಮುಂದಿನ ಸುತ್ತಿನಲ್ಲಿ ಕೆಂಪಿನ ಪಾಲು 38ರಲ್ಲಿ ಹದಿನೆಂಟೇ. 1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೊದಲ್ಲಿ ಸತತ 26 ಸಲ ಕಪ್ಪು ಬಂತು. ಕೆಂಪು ಈಗ ಬರುತ್ತದೆ, ಆಗ ಬರುತ್ತದೆ ಎಂದು ಪಣ ಏರಿಸುತ್ತಾ ಹೋದ ಜನ ಅಪಾರ ಹಣ ಕಳೆದುಕೊಂಡರು.

ಸೋತಾಗಲೆಲ್ಲ ದುಪ್ಪಟ್ಟು ಇಟ್ಟರೆ ಎಂದಾದರೂ ಗೆದ್ದೇ ಗೆಲ್ಲುತ್ತೇವೆ ಎಂಬ ಮಾತೂ ಇದೆ. ಹತ್ತರಿಂದ ಶುರುಮಾಡಿ ಏಳು ಸಲ ಸೋತರೆ ಕೈಬಿಟ್ಟು ಹೋದದ್ದು 1,270 ಡಾಲರ್. ಎಂಟನೆಯದಕ್ಕೆ 1,280 ಬೇಕು, ಅಷ್ಟರಲ್ಲಿ ಮೇಜಿನ ಗರಿಷ್ಠ ಮಿತಿ ಅಡ್ಡ ಬಂದಿರಬಹುದು. ಏಳು ಸತತ ಸೋಲು ಅಪರೂಪವೂ ಅಲ್ಲ, ಸುಮಾರು 90 ಪ್ರಯತ್ನಗಳಲ್ಲಿ ಒಮ್ಮೆ ಎದುರಾಗುತ್ತದೆ. ಇಷ್ಟು ಕಷ್ಟಪಟ್ಟು ಆಡುವುದಾದರೂ ಯಾಕೆ? ಒಮ್ಮೆಗೆ ಹತ್ತು ಡಾಲರ್ ಗೆಲ್ಲುವುದಕ್ಕೆ!

"ಚಕ್ರದಲ್ಲೇ ಏನೋ ಮೋಸ ಇದೆ" ಎಂದು ಗೆಳೆಯ ಕೋಣೆಗೆ ಬಂದ ಮೇಲೆ ಹೇಳಿದ. ಮೋಸದ ಅಗತ್ಯವೇ ಇಲ್ಲ. ಆ ಎರಡು ಹಸಿರು ಸೊನ್ನೆಗಳ ದೆಸೆಯಿಂದ ಮೇಜಿನ ಮೇಲೆ ಹಾದುಹೋಗುವ ಪ್ರತಿ 380 ಡಾಲರಿನಲ್ಲಿ ಸರಾಸರಿ 20 ಕ್ಯಾಸಿನೊಗೆ ಉಳಿಯುತ್ತದೆ, ಅಂದರೆ ಶೇ. 5.26. ಒಂದೇ ಸೊನ್ನೆಯ ಚಕ್ರದಲ್ಲಿ ಅದು ಶೇ. 2.7, ಈಚೆಗೆ ಬಂದಿರುವ ಮೂರು ಸೊನ್ನೆಯದರಲ್ಲಿ ಶೇ. 7.69. ಕೂರುವ ಮುಂಚೆ ಸೊನ್ನೆಗಳನ್ನು ಎಣಿಸಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಸ್ಲಾಟ್ ಯಂತ್ರ "ತುಂಬಿಕೊಂಡಿದೆ, ಈಗ ಸುರಿಯುತ್ತದೆ" ಎನ್ನುವುದೂ ಇದೇ ಜಾತಿಯ ಭ್ರಮೆ. ಗುಂಡಿ ಒತ್ತಿದ ಗಳಿಗೆಯಲ್ಲಿ ಯಾದೃಚ್ಛಿಕ ಸಂಖ್ಯೆಯೊಂದು ಫಲ ನಿರ್ಧರಿಸುತ್ತದೆ, ಹಿಂದಿನವನ ಸೋಲು ಅದಕ್ಕೆ ಗೊತ್ತಿಲ್ಲ. ಭಾರತದಿಂದ ಹೋದವರು ಅದರಲ್ಲಿ ದೊಡ್ಡ ಜಾಕ್‌ಪಾಟ್ ಹೊಡೆದರೂ ಪೂರ್ತಿ ಕೈಗೆ ಬರುವುದಿಲ್ಲ, ಶೇ. 30 ತೆರಿಗೆ ಅಲ್ಲೇ ಮುರಿಯುತ್ತಾರೆ.

ಆಟದಾಚೆಗೂ ಈ ಊರಿನ ಬಗ್ಗೆ ತಪ್ಪು ನಂಬಿಕೆಗಳಿವೆ. ನಿದ್ದೆ ಬರದಿರಲಿ ಎಂದು ಕ್ಯಾಸಿನೊಗಳು ಆಮ್ಲಜನಕ ಬಿಡುತ್ತವೆ ಎನ್ನುವುದು ಶುದ್ಧ ಕಟ್ಟುಕಥೆ. ಸಿಗರೇಟು ಉರಿಯುವ ಜಾಗಕ್ಕೆ ಯಾರೂ ಆಮ್ಲಜನಕ ತುಂಬುವುದಿಲ್ಲ. ಇನ್ನು ದೊಡ್ಡ ಹೋಟೆಲುಗಳ ಆ ಪ್ರಸಿದ್ಧ ಬೀದಿ, ಸ್ಟ್ರಿಪ್, ಬಹುಪಾಲು ಲಾಸ್ ವೇಗಸ್ ನಗರದ ಗಡಿಯೊಳಗೇ ಇಲ್ಲ. ಅದು ಇರುವುದು ಕ್ಲಾರ್ಕ್ ಕೌಂಟಿಯ ಪ್ಯಾರಡೈಸ್ ಎಂಬಲ್ಲಿ.

ಮರುದಿನ ಕೊಲೊರಾಡೊ ನದಿಯ ಹೂವರ್ ಅಣೆಕಟ್ಟಿಗೆ ಹೋದೆವು. ಅದರ ಹಿಂದಿನ ಮೀಡ್ ಸರೋವರದಲ್ಲಿ ಇಳಿದ ನೀರು ಬಂಡೆಗಳ ಮೇಲೆ ಅಗಲವಾದ ಬಿಳಿ ಪಟ್ಟಿ ಬಿಟ್ಟಿತ್ತು. "ಊರು ತುಂಬ ಕಾರಂಜಿ ಹಾರಿಸಿ ಕೆರೆ ಬತ್ತಿಸಿದ್ದಾರೆ" ಎಂದ ಗೆಳೆಯ. ಅದೂ ತಪ್ಪು. ಬೆಲಾಜಿಯೊ ಹೋಟೆಲಿನ ಕಾರಂಜಿಯ ಕೊಳಕ್ಕೆ ಬರುವುದು ಅಲ್ಲಿಯದೇ ಬಾವಿಯ ನೀರು. ಕೊಲೊರಾಡೊ ನದಿಯಲ್ಲಿ ಇಡೀ ನೆವಾಡಾ ರಾಜ್ಯದ ಪಾಲು ವರ್ಷಕ್ಕೆ 3 ಲಕ್ಷ ಎಕರೆ-ಅಡಿ, ನಮ್ಮ ಲೆಕ್ಕದಲ್ಲಿ ಸುಮಾರು 13 ಟಿಎಂಸಿ. ಕೆಆರ್‌ಎಸ್ ತುಂಬಿದರೆ ಹಿಡಿಯುವ 49 ಟಿಎಂಸಿಯ ಕಾಲುಭಾಗಕ್ಕಿಂತ ತುಸು ಹೆಚ್ಚು, ಅಷ್ಟೇ. ಹೋಟೆಲಿನ ಬಚ್ಚಲು, ಶೌಚಾಲಯಗಳ ನೀರು ಶುದ್ಧಿಯಾಗಿ ಹೆಚ್ಚುಕಡಿಮೆ ಪೂರ್ತಿ ಮೀಡ್ ಸರೋವರಕ್ಕೇ ಮರಳುತ್ತದೆ. ಹುಲ್ಲಿಗೆ ಹಾಯಿಸಿದ ನೀರು ಹಾಗೆ ಮರಳುವುದಿಲ್ಲ. ಅದಕ್ಕಾಗಿಯೇ ಬರೀ ಅಂದಕ್ಕೆ ಬೆಳೆಸಿದ ಹುಲ್ಲುಹಾಸನ್ನು ಕಿತ್ತುಹಾಕಲು 2021ರಲ್ಲಿ ಕಾನೂನು ತಂದರು.