ಮೂಲೆ ಸೇರಿದ ಫಿಯಟ್: ಮರುಜೀವ ಕೊಡುವ ಮುನ್ನ

ಇಟಲಿಯ ಫಿಯಟ್ 1100 ಭಾರತದ ರಸ್ತೆಗಿಳಿದದ್ದು 1954ರಲ್ಲಿ. ಮುಂಬೈನ ಕುರ್ಲಾದಲ್ಲಿದ್ದ ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆ ಮೊದಮೊದಲು ಅದನ್ನು ಜೋಡಿಸುತ್ತಿತ್ತು, ಬರಬರುತ್ತ ಬಿಡಿಭಾಗಗಳನ್ನೂ ದೇಶದಲ್ಲೇ ತಯಾರಿಸತೊಡಗಿತು. ಮುಂಬಾಗಿಲು ಹಿಂದುಮುಂದಾಗಿ ತೆರೆದುಕೊಳ್ಳುತ್ತಿದ್ದ ಆರಂಭದ ಮಾದರಿ, ಅನಂತರ ಎಲಿಗೆಂಟ್, ಸೂಪರ್ ಸೆಲೆಕ್ಟ್, 1964ರ ಡಿಲೈಟ್, ಎಪ್ಪತ್ತರ ದಶಕದ ಆರಂಭದ ಪ್ರೆಸಿಡೆಂಟ್, 1974ರಿಂದ ಪದ್ಮಿನಿ – ಹೆಸರುಗಳು ಬದಲಾದರೂ 1089 ಸಿಸಿಯ ನಾಲ್ಕು ಸಿಲಿಂಡರಿನ ಎಂಜಿನ್ನೂ ಸ್ಟಿಯರಿಂಗ್ ಪಕ್ಕದ ಗೇರ್ ಕೋಲೂ ಬಹುಕಾಲ ಉಳಿದವು. ಮುಂಬೈನ ಕಪ್ಪು-ಹಳದಿ ಟ್ಯಾಕ್ಸಿಯಾಗಿ ದುಡಿದ ಕೊನೆಯ ಪದ್ಮಿನಿ ರಸ್ತೆ ಬಿಟ್ಟದ್ದು 2023ರ ಅಕ್ಟೋಬರಿನಲ್ಲಿ. ಖಾಸಗಿಯವರ ಮನೆಗಳಲ್ಲಿ ಮಾತ್ರ ಇಂಥ ಕಾರುಗಳು ಇಂದಿಗೂ ಇವೆ: ಶೆಡ್ಡಿನೊಳಗೆ ಟಾರ್ಪಾಲಿನಡಿ, ತೋಟದ ಮನೆಯ ಹಿಂಬದಿ, ಮುಚ್ಚಿಹೋದ ಗ್ಯಾರೇಜಿನ ಅಂಗಳದಲ್ಲಿ ಗಾಳಿಯಿಲ್ಲದ ಟೈರುಗಳ ಮೇಲೆ ಕುಳಿತಿವೆ. ಅವುಗಳಲ್ಲಿ ಯಾವುದನ್ನು ಎತ್ತಿ ತಂದು ದುರಸ್ತಿ ಮಾಡಿಸಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಅಳೆದು ನೋಡುವುದೇ ಹಳೆ ಕಾರುಗಳ ಪುನರುಜ್ಜೀವನವೆಂಬ ಕಸುಬಿನ ಮೊದಲ ಹೆಜ್ಜೆ. ಸ್ಪ್ಯಾನರ್ ಕೈಗೆತ್ತಿಕೊಳ್ಳುವುದು ಆಮೇಲೆ.

ಹಳೆ ಕಾರು ನೋಡಲು ಹೋದವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, ‘ಎಂಜಿನ್ ಓಡುತ್ತದೆಯೇ?’ ಎಂಬುದು. ಫಿಯಟ್ ವಿಷಯದಲ್ಲಿ ಇದು ತೀರ ಕೊನೆಗೆ ಕೇಳಬೇಕಾದ ಪ್ರಶ್ನೆ. ಮೊದಲು ನೋಡಬೇಕಾದ್ದು ತಗಡು. ಫಿಯಟ್ 1100ಕ್ಕೆ ಲಾರಿಗಿರುವಂಥ ಪ್ರತ್ಯೇಕ ಚಾಸಿಸ್ ಇಲ್ಲ. ನೆಲದ ತಗಡು, ಬಾಗಿಲಿನ ಕೆಳಗೆ ಉದ್ದಕ್ಕೂ ಹಾಯುವ ಪೆಟ್ಟಿಗೆಯಾಕಾರದ ಸಿಲ್, ಕಂಬಗಳು, ಛಾವಣಿ ಎಲ್ಲವೂ ಒಂದಕ್ಕೊಂದು ಬೆಸೆದುಕೊಂಡು ಭಾರ ಹೊರುತ್ತವೆ. ಆದ್ದರಿಂದ ಸಿಲ್‌ಗೆ ತುಕ್ಕು ಹತ್ತಿದೆ ಎಂದರೆ ಕಾರಿನ ಬೆನ್ನೆಲುಬಿಗೇ ಹತ್ತಿದೆ ಎಂದು ಅರ್ಥ. ಅಂಬಾಸಿಡರ್ ಕೂಡ ಇದೇ ಜಾತಿಯದು. ಆದರೆ ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿಗೆ ಪ್ರತ್ಯೇಕ ಚಾಸಿಸ್ ಇದೆ. ಅದರ ಬಾಡಿಯನ್ನು ಬಿಚ್ಚಿ ಎತ್ತಿಟ್ಟು ಕೆಲಸ ಮಾಡಬಹುದು, ಚಾಸಿಸ್ ಗಟ್ಟಿಯಿದ್ದರೆ ಉಳಿದದ್ದನ್ನು ಸರಿಪಡಿಸುವ ದಾರಿಯಿದೆ. ಫಿಯಟ್‌ನಲ್ಲಿ ಆ ಅನುಕೂಲವಿಲ್ಲ.

ತುಕ್ಕು ಕಣ್ಣಿಗೆ ಕಾಣುವ ಕಡೆ ಇರುವುದಕ್ಕಿಂತ ಕಾಣದ ಕಡೆಯೇ ಹೆಚ್ಚು. ಬಣ್ಣ ಉಬ್ಬಿದ್ದರೆ ಅದು ಒಳಗಿನಿಂದ ಹೊರಗೆ ಬಂದ ತುಕ್ಕು ಎಂದು ತಿಳಿಯಬೇಕು. ಹೊರಗೆ ಕಾಸಿನಗಲದ ಗುಳ್ಳೆ ಎದ್ದಿದ್ದರೆ ಒಳಮುಖದಲ್ಲಿ ಅಂಗೈಯಗಲ ಹರಡಿರುವುದು ಸಾಮಾನ್ಯ. ಚಕ್ರದ ಮೇಲಿನ ಕಮಾನು, ಬಾಗಿಲಿನ ತಳ, ಬ್ಯಾಟರಿ ಕೂರುವ ತಟ್ಟೆ, ಮುಂಗಾಜಿನ ರಬ್ಬರಿನ ಅಂಚು, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಳಿ – ನೀರು ನಿಲ್ಲುವ ಜಾಗಗಳಿವು. ಒಳಗಿನ ಮ್ಯಾಟ್ ಎತ್ತಿ ನೆಲದ ತಗಡು ನೋಡಲೇಬೇಕು. ಹಿಂದಿನ ಪಟ್ಟಾ ಸ್ಪ್ರಿಂಗುಗಳು ಬಾಡಿಗೆ ಸೇರುವ ಸ್ಥಳಗಳನ್ನು ಕಾರಿನಡಿ ಮಲಗಿ, ಸ್ಕ್ರೂಡ್ರೈವರಿನಿಂದ ಒತ್ತಿ ಪರೀಕ್ಷಿಸಬೇಕು. ಗಟ್ಟಿ ತಗಡು ಟಣ್ ಎನ್ನುತ್ತದೆ, ಹಾಳಾದದ್ದು ಮೆತ್ತಗೆ ಒಳಸರಿಯುತ್ತದೆ. ಹಿಂದಿನವರು ಪುಟ್ಟಿ ಮೆತ್ತಿ ಬಣ್ಣ ಹೊಡೆಸಿದ್ದರೆ ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ ಸುಳ್ಳನ್ನು ಹೊರಗೆಡಹುತ್ತದೆ. ಪುಟ್ಟಿಯ ದಪ್ಪ ಪದರ ಇರುವಲ್ಲಿ ಅದು ಅಂಟದು.

ಬಾಡಿ ಕುಸಿದಿದೆಯೇ ಎಂದು ತಿಳಿಯಲು ಹಳೆಯ ಟಿಂಕರ್‌ಗಳು ಬಳಸುವ ಪರೀಕ್ಷೆ ಸರಳವಾದದ್ದು. ಜಾಕ್ ಕೊಟ್ಟು ಕಾರಿನ ಒಂದು ಪಕ್ಕವನ್ನು ಎತ್ತಿ, ಆ ಪಕ್ಕದ ಬಾಗಿಲುಗಳನ್ನು ತೆರೆದು ಮುಚ್ಚಿ ನೋಡುತ್ತಾರೆ. ನೆಲದಲ್ಲಿದ್ದಾಗ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಎತ್ತಿದಾಗ ಬಿಗಿಯಾದರೆ, ಅಥವಾ ಬಾಗಿಲಿನ ಸುತ್ತಲಿನ ಸಂದು ಮೇಲೊಂದು ಅಳತೆ ಕೆಳಗೊಂದು ಅಳತೆಯಾದರೆ ಸಿಲ್ ತನ್ನ ಕೆಲಸ ಬಿಟ್ಟಿದೆ. ಅಂಥ ಕಾರನ್ನು ಉಳಿಸಲಾಗದು ಎಂದಲ್ಲ. ಆದರೆ ಬಾಗಿಲಿನ ಚೌಕಟ್ಟಿಗೆ ಒಳಗಿನಿಂದ ಕಬ್ಬಿಣದ ಆಸರೆ ಬೆಸೆದು, ಆಮೇಲಷ್ಟೇ ಹಳೆ ಸಿಲ್ ಕತ್ತರಿಸಿ ಹೊಸದನ್ನು ಕೂರಿಸಬೇಕಾಗುತ್ತದೆ. ಆಸರೆಯಿಲ್ಲದೆ ಕತ್ತರಿಸಿದರೆ ಬಾಡಿ ಬಾಗಿ, ಮತ್ತೆಂದೂ ಬಾಗಿಲು ಸರಿಯಾಗಿ ಕೂರುವುದಿಲ್ಲ. ತಗಡಿನ ಕೆಲಸ ಬಲ್ಲ, ತಾಳ್ಮೆಯುಳ್ಳ ಕೈ ಸಿಗುತ್ತದೆಯೇ ಎಂಬ ಪ್ರಶ್ನೆಯೂ ಆದ್ದರಿಂದ ತೀರ್ಮಾನದ ಭಾಗವೇ. ಸುತ್ತಿಗೆ ಮತ್ತು ಡಾಲಿಯಿಂದ (ತಗಡಿನ ಹಿಂದೆ ಒತ್ತಿ ಹಿಡಿಯುವ ಕಬ್ಬಿಣದ ಗಟ್ಟಿ) ತಗಡನ್ನು ತಟ್ಟಿ ಮೂಲದ ಉಬ್ಬುತಗ್ಗು ತರುವವರು ಕಡಿಮೆಯಾಗುತ್ತಿದ್ದಾರೆ. ಇಂದಿನ ವರ್ಕ್‌ಶಾಪುಗಳಲ್ಲಿ ಡೊಂಕಾದ ಭಾಗವನ್ನು ತೆಗೆದು ಹೊಸದನ್ನು ಹಾಕುವುದೇ ರೂಢಿ, ಹಾಗಾಗಿ ತಟ್ಟುವ ವಿದ್ಯೆ ಕಲಿಯಲು ಎಳೆಯರಿಗೆ ಅವಕಾಶವೂ ಕಡಿಮೆ. ಒಂದು ಹಳೆ ಕಾರಿನ ಪುನರುಜ್ಜೀವನ ಇಂಥ ಕೆಲಸಗಾರರಿಗೆ ತಿಂಗಳುಗಟ್ಟಲೆ ಕೆಲಸ ಕೊಡುತ್ತದೆ ಎಂಬುದು ಈ ಹವ್ಯಾಸದ ಪರವಾಗಿ ಹೇಳಬಹುದಾದ ದೊಡ್ಡ ಮಾತು.

ಕಾರು ನಿಂತಿದ್ದ ಊರೂ ಮುಖ್ಯ. ಮಂಗಳೂರು, ಉಡುಪಿ, ಕಾರವಾರದ ಉಪ್ಪು ಗಾಳಿ ಮತ್ತು ಉದ್ದನೆಯ ಮಳೆಗಾಲ ತಗಡನ್ನು ತಿನ್ನುತ್ತವೆ. ವಿಜಯಪುರ, ಬಳ್ಳಾರಿಯ ಒಣ ಹವೆಯಲ್ಲಿ ನಿಂತ ಕಾರಿನ ಬಣ್ಣ ಮಾಸಿರಬಹುದು, ಡ್ಯಾಶ್‌ಬೋರ್ಡು, ಸೀಟು, ರಬ್ಬರುಗಳು ಬಿಸಿಲಿಗೆ ಸೀಳಿರಬಹುದು, ಆದರೆ ತಗಡು ಉಳಿದಿರುವ ಸಂಭವ ಹೆಚ್ಚು. ಎರಡರ ನಡುವೆ ಆರಿಸಿಕೊಳ್ಳುವಂತಿದ್ದರೆ ಮಾಸಿದ ಒಣ ಕಾರನ್ನೇ ಆರಿಸಬೇಕು. ಹೊಳೆಯುವ ಬಣ್ಣಕ್ಕೆ ಮನಸೋಲಬಾರದು.

ಎಂಜಿನ್ ಕಥೆ ಇಷ್ಟು ಕಠಿಣವಲ್ಲ. ಬಹುಕಾಲ ನಿಂತ ಎಂಜಿನ್ ಜಾಮ್ ಆಗಿದ್ದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ರಂಧ್ರಗಳಲ್ಲಿ ತೆಳುವಾದ ಎಣ್ಣೆ ಬಿಟ್ಟು ಹಲವು ದಿನ ಕಾದು, ಕೈಯಿಂದಲೇ ಮೆಲ್ಲಗೆ ತಿರುಗಿಸಬೇಕು. ಅವಸರಕ್ಕೆ ಬ್ಯಾಟರಿ ಜೋಡಿಸಿ ಸ್ಟಾರ್ಟರ್ ಒತ್ತಿದರೆ ಉಳಿಯಬಹುದಾಗಿದ್ದ ಪಿಸ್ಟನ್ ರಿಂಗುಗಳು ಮುರಿಯುತ್ತವೆ. ಫಿಯಟ್‌ನ ಬ್ಲಾಕ್ ಬೀಡುಕಬ್ಬಿಣದ್ದು, ಹೆಡ್ ಅಲ್ಯೂಮಿನಿಯಂನದು. ವರ್ಷಗಟ್ಟಲೆ ಕೂಲೆಂಟ್ ಬದಲು ಬರೀ ಬೋರ್‌ವೆಲ್ ನೀರು ಕುಡಿದ ಕಾರಿನಲ್ಲಿ ಹೆಡ್‌ನ ನೀರಿನ ದಾರಿಗಳು ಸವೆದಿರುತ್ತವೆ. ಇದನ್ನು ಹೆಡ್ ಬಿಚ್ಚಿಯೇ ನೋಡಬೇಕು. ಇಷ್ಟಾದರೂ ಬೋರ್ ಮಾಡಿಸುವುದು, ಕ್ರ್ಯಾಂಕ್ ಗ್ರೈಂಡ್ ಮಾಡಿಸುವುದು ಯಾವ ಊರಿನ ಲೇತ್ ಅಂಗಡಿಗೂ ಹೊಸದಲ್ಲ. ಪದ್ಮಿನಿಯ ತಯಾರಿಕೆ 2000ದ ಆಸುಪಾಸಿನವರೆಗೂ ನಡೆದಿದ್ದರಿಂದ ಯಂತ್ರದ ಬಿಡಿಭಾಗಗಳು ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಅಂಗಡಿ, ಚೆನ್ನೈನ ಪುದುಪೇಟೆಗಳಲ್ಲಿ ಹುಡುಕಿದರೆ ದೊರೆಯುತ್ತವೆ.

ದೊರೆಯದಿರುವುದು ಅಲಂಕಾರದ ಸಾಮಾನು. ಡಿಲೈಟ್ ಅಥವಾ ಸೂಪರ್ ಸೆಲೆಕ್ಟ್‌ನ ಮುಂಭಾಗದ ಗ್ರಿಲ್, ಬದಿಯ ಕ್ರೋಮ್ ಪಟ್ಟಿ, ಹಿಂದಿನ ದೀಪದ ಗಾಜು, ಬಾಗಿಲ ಹಿಡಿ, ಬಾನೆಟ್ ಮೇಲಿನ ಲಾಂಛನ – ಇವು ಕಾರಿನೊಂದಿಗೇ ಇವೆಯೇ ಎಂದು ಪಟ್ಟಿ ಮಾಡಿಕೊಳ್ಳುವುದು ಜಾಣತನ. ಬಂಪರನ್ನು ಮತ್ತೆ ಕ್ರೋಮ್ ಮಾಡಿಸಬಹುದು, ಆದರೆ ಸತುವಿನ ಅಚ್ಚೆರಕದ ಸಣ್ಣ ಭಾಗಗಳಲ್ಲಿ ಗುಳಿ ಬಿದ್ದಿದ್ದರೆ ಅವನ್ನು ಮೊದಲಿನಂತೆ ಮಾಡುವುದು ಬಹಳ ಕಷ್ಟ. ಎಂಜಿನ್ ಸತ್ತಿದ್ದರೂ ಎಲ್ಲ ಸಾಮಾನಿರುವ ಕಾರು, ಎಂಜಿನ್ ಓಡುತ್ತಿದ್ದು ಅರ್ಧ ಸಾಮಾನು ಕಳೆದುಕೊಂಡ ಕಾರಿಗಿಂತ ಮೇಲು. ಇನ್ನು ಬ್ರೇಕಿನ ವೀಲ್ ಸಿಲಿಂಡರ್, ಹೋಸು, ಟೈರು, ಇಲಿ ಕಡಿದ ವೈರಿಂಗ್ ಮುಂತಾದವನ್ನು ಪರೀಕ್ಷಿಸುವ ಪ್ರಮೇಯವೇ ಇಲ್ಲ. ಅವನ್ನು ಹೊಸದಾಗಿ ಹಾಕಿಸಲೇಬೇಕೆಂದು ಲೆಕ್ಕ ಹಿಡಿಯಬೇಕು. ಈಗ ಬಂಕುಗಳಲ್ಲಿ ಸಿಗುವ ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಹಳೆಯ ರಬ್ಬರಿಗೆ ಹೊಂದುವುದಿಲ್ಲ, ತೇವವನ್ನೂ ಹೀರಿಕೊಳ್ಳುತ್ತದೆ. ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಂಗಳನ್ನು ಅದನ್ನು ತಾಳುವ ರಬ್ಬರಿನವಕ್ಕೆ ಬದಲಿಸುವುದೂ ಇದೇ ಖರ್ಚಿಗೆ ಸೇರುತ್ತದೆ.

ತಗಡಿನಷ್ಟೇ ತೂಕದ ವಿಷಯ ಕಾಗದಪತ್ರ. ಆರ್.ಸಿ. ಪುಸ್ತಕದಲ್ಲಿರುವ ಚಾಸಿಸ್ ಮತ್ತು ಎಂಜಿನ್ ಸಂಖ್ಯೆಗಳು ಕಾರಿನ ಮೇಲಿರುವವುಗಳೊಂದಿಗೆ ಹೊಂದಬೇಕು. ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರು 31ನೇ ನಮೂನೆಯಲ್ಲಿ ಅರ್ಜಿ ಕೊಟ್ಟು ಮೊದಲು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಪುಸ್ತಕ ಕಳೆದಿದ್ದರೆ ನಕಲಿಗೆ 26ನೇ ನಮೂನೆ. ಮೂರು ತಲೆಮಾರಿನಿಂದ ಹೆಸರು ಬದಲಾಗದ ಕಾರು ಎಷ್ಟೇ ಚೆಂದವಿದ್ದರೂ, ಈ ಕೆಲಸ ಮುಗಿಯುವ ಮೊದಲು ಅದಕ್ಕೆ ಹಣ ಸುರಿಯಬಾರದು. ಖಾಸಗಿ ಕಾರಿನ ನೋಂದಣಿಗೆ 15 ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ತಪಾಸಣೆಗೆ ಒಡ್ಡಿ ನವೀಕರಿಸಬೇಕಾಗುತ್ತದೆ, ಅದರ ಶುಲ್ಕವೂ ಇತ್ತೀಚಿನ ವರ್ಷಗಳಲ್ಲಿ ಬಹಳ ಏರಿದೆ.

ಐವತ್ತು ವರ್ಷ ದಾಟಿದ ಕಾರುಗಳಿಗೆ ಇನ್ನೊಂದು ದಾರಿಯಿದೆ. ಕೇಂದ್ರ ಸರ್ಕಾರ 2021ರ ಜುಲೈಯಲ್ಲಿ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯಂತೆ, ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಮೂಲ ರೂಪದಲ್ಲೇ ಇರುವ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ ಶುಲ್ಕ ₹20,000, ಅವಧಿ ಹತ್ತು ವರ್ಷ, ಸಂಖ್ಯೆಯಲ್ಲಿ ‘ವಿ.ಎ.’ ಎಂಬ ಅಕ್ಷರಗಳಿರುತ್ತವೆ. ಮೊದಲೇ ನೋಂದಣಿಯಾದ ಕಾರುಗಳು ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಮೈಸೂರು ರಾಜ್ಯದ ಕಾಲದ ‘ಎಂ.ವೈ.’ ಫಲಕವುಳ್ಳ ಕಾರಿನ ಮಾಲೀಕರಿಗೆ ಇದು ಬೆಲೆಬಾಳುವ ಸೌಲಭ್ಯ. ಆದರೆ ವಿಂಟೇಜ್ ಕಾರನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ರ್‍ಯಾಲಿ, ಪ್ರದರ್ಶನ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದು, ದುರಸ್ತಿ – ಇಷ್ಟಕ್ಕೆ ಮಾತ್ರ ರಸ್ತೆ. ಚಾಸಿಸ್, ಬಾಡಿ, ಎಂಜಿನ್‌ಗಳನ್ನು ಗಣನೀಯವಾಗಿ ಬದಲಿಸಿದ ಕಾರು ಈ ವರ್ಗಕ್ಕೆ ಸೇರುವುದೂ ಇಲ್ಲ. ಫಿಯಟ್‌ಗೆ ಡೀಸೆಲ್ ಎಂಜಿನ್ನೋ ಬೇರೆ ಕಾರಿನ ಗೇರ್‌ಬಾಕ್ಸೋ ಕೂರಿಸುವ ಆಸೆಯಿರುವವರು ಇದನ್ನು ಮುಂಚಿತವಾಗಿಯೇ ಯೋಚಿಸಬೇಕು.

ಎಷ್ಟರ ಮಟ್ಟಿಗೆ ಮರುಜೀವ ಎಂಬುದೂ ತೀರ್ಮಾನವಾಗಬೇಕು. ಹಳೆ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ ಅಂಗೀಕರಿಸಿದ ಟುರಿನ್ ಸನ್ನದು, ಇದ್ದದ್ದನ್ನು ಇದ್ದಂತೆ ಕಾಪಾಡುವುದಕ್ಕೆ ಮೊದಲ ಮನ್ನಣೆ ಕೊಡುತ್ತದೆ. ಕಾರ್ಖಾನೆಯಲ್ಲಿ ಬಳಿದ ಬಣ್ಣ ಮಾಸಿದ್ದರೂ ಗಟ್ಟಿಯಾಗಿದ್ದರೆ ಅದನ್ನು ಕೆರೆದು ಹಾಕದಿರುವುದೇ ಒಳ್ಳೆಯದು, ಏಕೆಂದರೆ ಕೆರೆದ ಮೇಲೆ ಮೂಲ ಬಣ್ಣದ ಸಾಕ್ಷಿ ಇಲ್ಲವಾಗುತ್ತದೆ. ನಮ್ಮಲ್ಲಿ ಇದಕ್ಕೆ ವಿರುದ್ಧವಾದ ಗೀಳು ಹೆಚ್ಚು: ಕಾರ್ಖಾನೆಯಿಂದ ಹೊರಬಂದಾಗಲೂ ಇರದಿದ್ದ ಹೊಳಪನ್ನು ಹಳೆ ಕಾರಿಗೆ ಹಚ್ಚಲಾಗುತ್ತಿದೆ. ಯಂತ್ರ, ಬ್ರೇಕು, ವೈರಿಂಗ್ ಸರಿಪಡಿಸಿ, ತುಕ್ಕನ್ನು ತಡೆದು, ಉಳಿದದ್ದನ್ನು ಹಾಗೇ ಬಿಟ್ಟರೆ ಖರ್ಚೂ ಕಡಿಮೆ, ಇತಿಹಾಸವೂ ಉಳಿಯುತ್ತದೆ. ಬಿಚ್ಚುವ ಕೆಲಸಕ್ಕೆ ಕೈಹಾಕುವುದಾದರೆ ಪ್ರತಿ ಹಂತದ ಫೋಟೊ ತೆಗೆದು, ಪ್ರತಿ ಬೋಲ್ಟನ್ನೂ ಚೀಟಿ ಅಂಟಿಸಿದ ಡಬ್ಬಿಯಲ್ಲಿಡಬೇಕು. ಅರ್ಧಕ್ಕೆ ನಿಂತು ಗೋಣಿಚೀಲ ಸೇರಿದ ಕಾರುಗಳ ಗತಿ ಮುಟ್ಟದೆ ಬಿಟ್ಟ ಕಾರಿಗಿಂತ ಕೆಟ್ಟದ್ದು.

ಹಣದ ಲೆಕ್ಕವನ್ನು ನೇರವಾಗಿ ಹೇಳುವುದಾದರೆ, ಸಾಮಾನ್ಯ ಪದ್ಮಿನಿಯೊಂದಕ್ಕೆ ಪೂರ್ಣ ಪುನರುಜ್ಜೀವನದ ಖರ್ಚು ಅದರ ಮಾರುಕಟ್ಟೆ ಬೆಲೆಯನ್ನು ದಾಟುವುದೇ ಹೆಚ್ಚು. ತಗಡು ಮತ್ತು ಬಣ್ಣವೇ ಅದರ ಸಿಂಹಪಾಲು ತಿನ್ನುತ್ತವೆ. ಲಾಭಕ್ಕಾಗಿ ಮಾಡುವವರು ಕೈಹಾಕದಿರುವುದು ಲೇಸು. ತಾತ ಕೊಂಡದ್ದು, ಒಬ್ಬರೇ ಮಾಲೀಕರ ಕೈಯಲ್ಲಿದ್ದದ್ದು, ಅಪರೂಪದ ಆರಂಭಿಕ ಮಾದರಿ ಎಂಬಂಥ ಕಾರಣವಿದ್ದರೆ ಆ ಖರ್ಚಿಗೆ ಅರ್ಥವಿದೆ.

ಮರುಜೀವ ಕೊಡಲಾಗದ ಕಾರೂ ವ್ಯರ್ಥವಲ್ಲ. ಸಿಲ್ ಕರಗಿ, ದಾಖಲೆಯೂ ಇಲ್ಲದ ಕಾರಿನಿಂದ ಗ್ರಿಲ್, ಗಾಜು, ದೀಪ, ಬಾಗಿಲುಗಳನ್ನು ತೆಗೆದು ಇನ್ನೆರಡು ಕಾರುಗಳನ್ನು ಉಳಿಸಬಹುದು. ಹವ್ಯಾಸಿಗಳಲ್ಲಿ ಇದು ಗೌರವದ ಕೆಲಸವೇ. ಕಾರು ಅಪರೂಪದ್ದಾಗಿದ್ದು ಮನೆಯವರಿಗೆ ಸಾಕುವ ಶಕ್ತಿಯಿಲ್ಲದಿದ್ದರೆ ಸಂಗ್ರಹಾಲಯಗಳನ್ನು ಕೇಳಬಹುದು. ಧರ್ಮಸ್ಥಳದಲ್ಲಿ ಹಳೆ ಕಾರುಗಳ ದೊಡ್ಡ ಸಂಗ್ರಹವಿದೆ, ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆಯವರ ಆಸಕ್ತಿಯಿಂದಲೇ ಶ್ರೀರಂಗಪಟ್ಟಣದ ಬಳಿ ‘ಪಯಣ’ ಕಾರು ಸಂಗ್ರಹಾಲಯವೂ 2023ರಲ್ಲಿ ತೆರೆಯಿತು. ಗುಜರಿಗೇ ಹಾಕುವುದಾದರೆ ನೋಂದಾಯಿತ ಕೇಂದ್ರಕ್ಕೆ ಒಪ್ಪಿಸಿ ಠೇವಣಿ ಪ್ರಮಾಣಪತ್ರ ಪಡೆದು, ಆರ್‌ಟಿಒ ದಾಖಲೆಯಲ್ಲಿ ನೋಂದಣಿ ರದ್ದು ಮಾಡಿಸಬೇಕು.