ಹಿನ್ನೆಲೆಯನ್ನು ಅಳಿಸುವ ಮುನ್ನ

ಚಿತ್ರವಿಲ್ಲದ ಕರಪತ್ರವನ್ನು ಇಂದು ಕಾಣುವುದೇ ದುರ್ಲಭ. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯ ಪ್ರಕಟಣೆಯಿರಲಿ, ಬಸವಕಲ್ಯಾಣದ ಬಸವ ಜಯಂತಿಯ ಆಹ್ವಾನವಿರಲಿ, ಮನೆಯ ಲಗ್ನಪತ್ರಿಕೆಯೇ ಇರಲಿ, ಅದರ ಮೇಲೊಂದು ಚಿತ್ರ ಬೇಕೇ ಬೇಕು. ಆದರೆ ಛಾಯಾಚಿತ್ರದಲ್ಲಿ ಬೇಕಾದುದರೊಡನೆ ಬೇಡವಾದುದೂ ಬಂದು ಸೇರುತ್ತದೆ. ದೇವರ ಹಿಂದೆ ವಿದ್ಯುತ್ ತಂತಿ. ವರನ ಹಿಂದೆ ಗೋಡೆಯ ಕ್ಯಾಲೆಂಡರು! ಇಂತಹ ಹಿನ್ನೆಲೆಯನ್ನು ಕಳೆದು, ಬೇಕಾದ ಆಕೃತಿಯನ್ನಷ್ಟೇ ಉಳಿಸಿಕೊಡುವ ತಂತ್ರಾಂಶಗಳು ಈಗ ಅಂಗೈಯ ಮೊಬೈಲಿಗೂ ಬಂದಿವೆ. ಕೆಲಸ ಕ್ಷಣಮಾತ್ರದ್ದು. ಆದುದರಿಂದಲೇ ಕೊಂಚ ನಿಂತು ಯೋಚಿಸಬೇಕಾದುದೂ ಹೌದು.

ಹಿಂದೆ ಇದು ಇಷ್ಟು ಸುಲಭವಾಗಿರಲಿಲ್ಲ. ಸ್ಟುಡಿಯೋಗಳಲ್ಲಿ ನೆಗೆಟಿವಿನ ಮೇಲೆ, ವ್ಯಕ್ತಿಯ ಅಂಚನ್ನು ಅನುಸರಿಸಿ, ಬೆಳಕು ಹಾಯದಂತಹ ಬಣ್ಣವನ್ನು ಸಣ್ಣ ಕುಂಚದಿಂದ ಬಳಿಯುತ್ತಿದ್ದರು. ಬಳಿದ ಭಾಗವು ಪ್ರತಿಯಲ್ಲಿ ಬೆಳ್ಳಗೆ ಬರುತ್ತಿತ್ತು. ಪತ್ರಿಕೆಗಳಿಗಾಗಿ ಬ್ಲಾಕು ಮಾಡುವವರು ಹಿನ್ನೆಲೆಯ ಲೋಹವನ್ನೇ ಕೊರೆದು ತೆಗೆಯುತ್ತಿದ್ದರು. ಕೈ ನಡುಗಿತೋ, ಮೂಗು ಹೋಯಿತು!

ನಾಲ್ಕನೆಯ ಅಂಕಿ

ಕಂಪ್ಯೂಟರಿನ ಚಿತ್ರವೆಂದರೆ ಲಕ್ಷಾಂತರ ಚುಕ್ಕೆಗಳ ರಂಗೋಲಿ. ಒಂದೊಂದು ಚುಕ್ಕೆಯಲ್ಲಿಯೂ ಕೆಂಪು, ಹಸುರು, ನೀಲಿ ಬಣ್ಣಗಳು ಎಷ್ಟೆಷ್ಟಿವೆ ಎಂದು ತಿಳಿಸಲು ಮೂರು ಅಂಕಿಗಳಿರುತ್ತವೆ. 1970ರ ದಶಕದ ಕೊನೆಯಲ್ಲಿ ಅಮೆರಿಕದ ಆಲ್ವಿ ರೇ ಸ್ಮಿತ್ ಮತ್ತು ಎಡ್ ಕ್ಯಾಟ್‌ಮಲ್ ಎಂಬಿಬ್ಬರು ಇವುಗಳೊಡನೆ ನಾಲ್ಕನೆಯದೊಂದನ್ನು ಸೇರಿಸಿದರು. ಅದರ ಹೆಸರು ‘ಆಲ್ಫಾ’. ಸಾಮಾನ್ಯವಾಗಿ ಅದರ ಬೆಲೆ 0ಯಿಂದ 255ರವರೆಗೆ ಇರುತ್ತದೆ. 0 ಇದ್ದರೆ ಆ ಚುಕ್ಕೆ ಕಣ್ಣಿಗೆ ಬೀಳದಷ್ಟು ಪಾರದರ್ಶಕ. 255 ಇದ್ದರೆ ಅದರ ಹಿಂದಿರುವುದೇನೂ ಕಾಣದು. ಗಾಳಿಗೆ ಹಾರುವ ಕೂದಲಿಗೂ ತೆಳುವಾದ ಸೆರಗಿಗೂ ನಡುವಣ ಅಂಕಿಗಳೇ ಆಧಾರ.

ಇಲ್ಲೊಂದು ವ್ಯವಹಾರದ ಮಾತು. ನಾವು ನಿತ್ಯ ಬಳಸುವ ‘ಜೆಪೆಗ್’ ಎಂಬ ಚಿತ್ರಕಡತದಲ್ಲಿ ಈ ನಾಲ್ಕನೆಯ ಅಂಕಿಗೆ ಸ್ಥಳವಿಲ್ಲ. 1996ರಲ್ಲಿ ಬಳಕೆಗೆ ಬಂದ ‘ಪಿಎನ್‌ಜಿ’ಯಲ್ಲಿ ಇದೆ. ಶ್ರಮಪಟ್ಟು ಬೇರ್ಪಡಿಸಿದ ಚಿತ್ರವನ್ನು ಜೆಪೆಗ್ಗಿನಲ್ಲಿ ಉಳಿಸಿದರೆ, ಬಿಳಿಯದೋ ಕರಿಯದೋ ಒಂದು ಹಿನ್ನೆಲೆ ಮರಳಿ ಬಂದು ಕುಳಿತುಕೊಳ್ಳುತ್ತದೆ.

ಯಂತ್ರದ ಊಹೆ

1990ರಲ್ಲಿ ಮಾರುಕಟ್ಟೆಗೆ ಬಂದ ಫೋಟೋಶಾಪ್, ಉಚಿತವಾಗಿ ದೊರೆಯುವ ಗಿಂಪ್, ಇವುಗಳಲ್ಲಿ ಅಂಚಿನ ಗೆರೆಯನ್ನು ನಾವೇ ಎಳೆದು ತೋರಿಸಬಹುದು. ಇಲ್ಲವೆ ಒಂದೇ ಬಣ್ಣದ ಭಾಗವನ್ನೆಲ್ಲ ಒಮ್ಮೆಗೇ ಆರಿಸಿ ತೆಗೆಯಬಹುದು. ಬಸವಕಲ್ಯಾಣದ 108 ಅಡಿ ಎತ್ತರದ ಬಸವಣ್ಣನವರ ಪ್ರತಿಮೆಯ ಹಿಂದೆ ಮೋಡವಿಲ್ಲದ ನೀಲಿ ಬಾನಿದ್ದರೆ ಈ ಎರಡನೆಯ ಕ್ರಮ ಧಾರಾಳವಾಗಿ ಸಾಕು. 2018ರಲ್ಲಿ ಬಂದ ‘ರಿಮೂವ್ ಬಿಜಿ’ಯಂತಹ ಹೊಸ ತಂತ್ರಾಂಶಗಳಿಗೆ ಗೆರೆಯೂ ಬೇಡ, ಬಣ್ಣವೂ ಬೇಡ. ಮನುಷ್ಯರು ಬೇರ್ಪಡಿಸಿ ತೋರಿಸಿದ ಅಸಂಖ್ಯ ಚಿತ್ರಗಳಿಂದ ಕಲಿತು, ಯಾವುದು ಆಕೃತಿ, ಯಾವುದು ಹಿನ್ನೆಲೆ ಎಂದು ಅವೇ ಊಹಿಸುತ್ತವೆ.

ಊಹೆ ಎಂಬ ಮಾತನ್ನು ವಾಚಕರು ಗಮನಿಸಬೇಕು. ಇದೇ ಜಿಲ್ಲೆಯ ಬಿದ್ರಿ ಕುಶಲಕರ್ಮಿಗಳು ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಪಾತ್ರೆಗೆ ಸವರಿದಾಗ, ಸತು ತಾಮ್ರಗಳ ಮೈ ಕಪ್ಪಾಗುತ್ತದೆ. ಅದರಲ್ಲಿ ಕೂರಿಸಿದ ಬೆಳ್ಳಿಯ ಹೂಬಳ್ಳಿ ಹಾಗೆಯೇ ಹೊಳೆಯುತ್ತದೆ. ಹೂವು ಯಾವುದು, ನೆಲ ಯಾವುದು ಎಂಬುದನ್ನು ಅಲ್ಲಿ ಲೋಹದ ಗುಣವೇ ತೀರ್ಮಾನಿಸುತ್ತದೆ. ತಂತ್ರಾಂಶಕ್ಕೆ ಅಂತಹ ಭದ್ರವಾದ ಆಧಾರವಿಲ್ಲ.

ಬರೆಯುವ ಬಾಲಿಕೆ

ಈ ಊಹೆ ಎಲ್ಲಿ ತಪ್ಪಬಹುದೆಂದು ತಿಳಿಯಲು ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಗೆ ಹೋಗಬೇಕು. ಅಲ್ಲಿಯ ಚಾಲುಕ್ಯ ದೇಗುಲದ ಹೊರಗೋಡೆಯಲ್ಲಿ ಸೊಗಸಾದ ಶಿಲಾಬಾಲಿಕೆಯರಿದ್ದಾರೆ. ಅವರಲ್ಲೊಬ್ಬಳು ಶಾಸನವನ್ನು ಬರೆಯುತ್ತಿದ್ದಾಳೆ! ಅವಳ ಕೈಕೆಳಗಿನ ಅಕ್ಷರಗಳು ಆರನೆಯ ವಿಕ್ರಮಾದಿತ್ಯನ ಸ್ತುತಿ. ಇಂದಿನ ಬಸವಕಲ್ಯಾಣವೇ ಆಗಿನ ಕಲ್ಯಾಣ. ಅಲ್ಲಿಂದ ಅವನು 1076ರಿಂದ 1126ರವರೆಗೆ ಆಳಿದನು.

ಬಾಲಿಕೆಯೂ ಕಲ್ಲು, ಶಾಸನವೂ ಕಲ್ಲು, ಗೋಡೆಯೂ ಕಲ್ಲು. ಮನುಷ್ಯಾಕೃತಿಯನ್ನು ಉಳಿಸಲು ಕಲಿತ ಯಂತ್ರವು ಅವಳನ್ನು ಉಳಿಸಿ, ಅಕ್ಷರಗಳನ್ನು ಹಿನ್ನೆಲೆಯೆಂದು ಅಳಿಸಿಬಿಟ್ಟರೆ? ಬಳುಕಿ ನಿಂತ ಚೆಲುವೆಯೊಬ್ಬಳು ಉಳಿಯುತ್ತಾಳೆ, ಬರಹಗಾರ್ತಿ ಮಾಯವಾಗುತ್ತಾಳೆ. ಒಂಬೈನೂರು ವರ್ಷಗಳ ಹಿಂದೆ ಶಿಲ್ಪಿಯೊಬ್ಬನು ಹೆಣ್ಣಿನ ಕೈಗೆ ಬರವಣಿಗೆಯನ್ನು ಕೊಟ್ಟನೆಂಬುದೇ ಆ ಶಿಲ್ಪದ ಹಿರಿಮೆಯಲ್ಲವೆ? ಸ್ಮರಣ ಸಂಚಿಕೆಯ ಮುಖಪುಟದಲ್ಲಿ ಅವಳನ್ನು ಕಂಡ ಮಕ್ಕಳಿಗೆ ಅದು ತಿಳಿಯುವುದಾದರೂ ಹೇಗೆ?

ನಮ್ಮ ಮನೆಗಳ ಹಳೆಯ ಚಿತ್ರಗಳ ಗತಿಯೂ ಇದೇ. ಗೋಡೆಗೆ ತೂಗುಹಾಕಲೆಂದು ಅಜ್ಜನನ್ನು ಗುಂಪಿನ ಚಿತ್ರದಿಂದ ಬೇರ್ಪಡಿಸುವುದರಲ್ಲಿ ದೋಷವಿಲ್ಲ. ಆದರೆ ಅವರ ಹಿಂದಿದ್ದ ಅಂಗಡಿಯ ಫಲಕ, ಶಾಲೆಯ ಹೆಸರನ್ನೂ ವರ್ಷವನ್ನೂ ಬರೆದ ಹಲಗೆ, ಪಕ್ಕದಲ್ಲಿ ಅರ್ಧವಷ್ಟೇ ಕಾಣುವ ಅಜ್ಜಿ, ಇವೆಲ್ಲ ಅಳಿಸಿದ ಮೇಲೆ ಮತ್ತೆ ಬಾರವು. ಆದುದರಿಂದ ಮೂಲಚಿತ್ರವನ್ನು ಹಾಗೆಯೇ ಕಾಪಾಡಿ, ಅದರ ಪ್ರತಿಯ ಮೇಲೆ ಮಾತ್ರ ಕೆಲಸ ಮಾಡಬೇಕು. ಯಂತ್ರ ಮಾಡಿಕೊಟ್ಟ ಅಂಚನ್ನು ದೊಡ್ಡದಾಗಿಸಿ ನೋಡಬೇಕು. ಕೂದಲು, ಬೆರಳು, ಕಿವಿಯೋಲೆಗಳಲ್ಲಿ ಕುಂದು ಕಂಡರೆ ಕೈಯಿಂದಲೇ ತಿದ್ದಬೇಕು. ಜಲಸಂಗ್ವಿಯ ಬಾಲಿಕೆಯ ಚಿತ್ರವಾದರಂತೂ, ಗೆರೆಯನ್ನು ಅವಳ ಬೆರಳ ತುದಿಗೆ ನಿಲ್ಲಿಸದೆ ಶಾಸನದ ಕೊನೆಯ ಅಕ್ಷರದ ಆಚೆಗೆ ಎಳೆಯಬೇಕು.